ಎಪ್ಪತ್ತೆರಡರ ಗೆರೆ

ಹೋದ ವಾರ ದೊಡ್ಡವಳು ನನ್ನನ್ನು ಒಂದು ಮಾತು ಕೇಳಿದಳು. ನಾನು ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಕಾಲೇಜಿನ ಚೀಲವನ್ನೂ ಹೆಗಲಿನಿಂದ ಇಳಿಸದೆ ಬಾಗಿಲಲ್ಲೇ ನಿಂತು, "ಅಜ್ಜಿ, ನಿಜ ಹೇಳು. ಆವಾಗ ನೀನು ಕದ್ದು ತಿಂತಿದ್ಯಾ?" ಅಂದಳು.

ನಾನು ತಲೆ ಎತ್ತಿ ಅವಳನ್ನು ನೋಡಿ ಮತ್ತೆ ಸೊಪ್ಪಿಗೆ ಬಗ್ಗಿದೆ. ಅವಳು ಒಳಗೆ ಹೋದಳು. ಎದುರು ನಿಂತು ಉತ್ತರ ಕೊಡುವುದು ನನಗೆ ಚಿಕ್ಕಂದಿನಿಂದಲೂ ಬಾರದು. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಅಲ್ಲೂ ಮೇಷ್ಟ್ರು ಪ್ರಶ್ನೆ ಕೇಳಿದರೆ ಎದ್ದು ನಿಂತು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಮೇಷ್ಟ್ರು ಒಳ್ಳೆಯವರು, ಅದನ್ನೇ ಉತ್ತರ ಎಂದು ಒಪ್ಪಿಕೊಳ್ಳುತ್ತಿದ್ದರು. ಈಗಲೂ ಹಾಗೇ ಬರೆದು ತೋರಿಸುತ್ತೇನೆ. ಇಬ್ಬರೂ ಓದಿ. ಚಿಕ್ಕವಳಿಗೆ ತಿಳಿಯದ ಕಡೆ ದೊಡ್ಡವಳು ಹೇಳಿಕೊಡಲಿ.

ಅವಳು "ಆವಾಗ" ಅಂದದ್ದು ಯಾವಾಗ ಎಂದು ಈ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಅಮ್ಮನಿಗೆ ನನ್ನ ಕಿಡ್ನಿ ಕೊಡಬೇಕೆಂದು ನಾನು ತೂಕ ಇಳಿಸುತ್ತಿದ್ದ ತಿಂಗಳುಗಳು. ನನ್ನ ತೂಕ ಇಳಿಯಲಿಲ್ಲ, ಅದಕ್ಕೇ ನಿಮ್ಮ ಅಮ್ಮ ಉಳಿಯಲಿಲ್ಲ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ.

ನನ್ನ ಊರು ಮಳವಳ್ಳಿ ಕಡೆ. ನಿಮ್ಮ ತಾತ ಹೋದ ಮೇಲೆ ಅಲ್ಲಿ ಎರಡು ಹಸು ಕಟ್ಟಿಕೊಂಡು ನನ್ನ ಪಾಡಿಗೆ ಇದ್ದೆ. ನಿಮ್ಮ ಅಮ್ಮನಿಗೆ ಕಾಲು ಊದುತ್ತದೆ, ಉಂಡದ್ದು ನಿಲ್ಲುವುದಿಲ್ಲ ಎಂದು ಫೋನು ಬರುತ್ತಿತ್ತು. ಎರಡು ಕಿಡ್ನಿಯೂ ಕೆಟ್ಟಿವೆ ಎಂದು ಗೊತ್ತಾದಾಗ ಹಸುಗಳನ್ನು ಪಕ್ಕದ ಮನೆಗೆ ಒಪ್ಪಿಸಿ ನಿಮ್ಮ ಮನೆಗೆಂದು ಭಾರತೀನಗರದ ಬಸ್ಸು ಹತ್ತಿದೆ. ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದು ನಮ್ಮ ಕಡೆ ಮರ್ಯಾದೆಯಲ್ಲ. ನಿಮ್ಮ ಅಪ್ಪನ ಎದುರಿಗೆ ನಾನು ಕೂತು ಉಂಡದ್ದಿಲ್ಲ. ಅವರು ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಬಂದ ಬೈಕಿನ ಸದ್ದು ಕೇಳಿದರೆ ಸೆರಗು ಹೊದ್ದು ಅಡುಗೆಮನೆ ಸೇರಿಬಿಡುತ್ತಿದ್ದೆ. ಅವರೂ ಒಳ್ಳೆಯವರೇ. ಬೇಕಾದ್ದನ್ನು ಗೋಡೆಗೆ ಹೇಳಿದಂತೆ ಹೇಳಿ ಹೋಗುತ್ತಿದ್ದರು.

ನಿಮ್ಮ ಅಪ್ಪ ತಾವೇ ಕಿಡ್ನಿ ಕೊಡಲು ಹೋದರು. ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೊನೆಗೆ ಡಾಕ್ಟರು ಕರೆದು ಕೂರಿಸಿ, "ಎಲ್ಲಾ ಚೆನ್ನಾಗಿದೆ ಅಮ್ಮ. ಶುಗರ್ ಇಲ್ಲ, ಬಿ.ಪಿ. ಇಲ್ಲ. ತೂಕ ಮಾತ್ರ ಜಾಸ್ತಿ. ಇಷ್ಟು ತೂಕದಲ್ಲಿ ಆಪರೇಷನ್ ಮಾಡಿದರೆ ನಿಮಗೇ ಅಪಾಯ. ಎಪ್ಪತ್ತೆರಡಕ್ಕೆ ಇಳಿಸಿಕೊಂಡು ಬನ್ನಿ, ಮುಂದಿನದು ಆಮೇಲೆ" ಅಂದರು. ನಾನು ಆಗ ಎಂಬತ್ತನಾಲ್ಕು ಕಿಲೋ ಇದ್ದೆ.

ಹೊರಗೆ ಬೆಂಚಿನ ಮೇಲೆ ಕೂತ ನಿಮ್ಮ ಅಮ್ಮ ನನ್ನ ಮುಖ ನೋಡಲಿಲ್ಲ.

"ಬುಡವ್ವ, ನಿಂಗ್ಯಾಕೆ. ಡಯಾಲಿಸಿಸ್ ಮಾಡುಸ್ಕಂಡು ಇರ್ತೀನಿ."

"ಎಷ್ಟ್ ದಿನ ಇರ್ತೀಯೆ?"

"ಇರೋಗಂಟ. ನಿನ್ ಕಿಡ್ನಿ ಆಕುಸ್ಕಂಡ್ರೆ ನಾನೂ ನಿನ್ನಂಗೆ ಬಾಯಿ ಸತ್ತೋಳಾಯ್ತೀನಿ. ಆಮೇಕೆ ಈ ಮಕ್ಳ ಬಯ್ಯೋರ್ ಯಾರು?"

ನಾನು ನಕ್ಕೆ. ಅವಳೂ ನಕ್ಕಳು. ಬೇಡ ಎಂದದ್ದು ಹುಡುಗಾಟಕ್ಕೆ ಎಂದುಕೊಂಡೆ.

ಮರುದಿನ ನಿಮ್ಮ ಅಪ್ಪ ಮಂಡ್ಯದಿಂದ ತೂಕದ ಯಂತ್ರ ತಂದರು. ಮೇಲೆ ಹತ್ತಿ ನಿಂತರೆ ಕೆಂಪು ಮುಳ್ಳು ಓಡುವಂಥದ್ದು. ಪಕ್ಕದಲ್ಲಿ ಒಂದು ಸಣ್ಣ ಚಕ್ರವಿತ್ತು. ಯಂತ್ರವನ್ನು ನೆಲಕ್ಕಿಟ್ಟಾಗ ಮುಳ್ಳು ಸೊನ್ನೆಯಲ್ಲಿ ಇಲ್ಲದಿದ್ದರೆ ಆ ಚಕ್ರ ತಿರುಗಿಸಿ ಸೊನ್ನೆಗೆ ತಂದುಕೊಂಡು ಆಮೇಲೆ ಹತ್ತಬೇಕು. ಬಚ್ಚಲಿಗೆ ಹೋಗುವ ಓಣಿ ಬಿಟ್ಟರೆ ಅದನ್ನಿಡಲು ಮನೆಯಲ್ಲಿ ಜಾಗವಿರಲಿಲ್ಲ. ರಾತ್ರಿ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದೆವು. ಬೆಳಿಗ್ಗೆ ಕೆಳಗಿಟ್ಟು ಸೊನ್ನೆ ಮಾಡುವುದು ನಿಮ್ಮ ಅಮ್ಮನ ಕೆಲಸ. ಡಯಾಲಿಸಿಸ್ ಮಾಡುವ ಎಡಗೈಯಲ್ಲಿ ಅವಳು ಒಂದು ಬಿಂದಿಗೆಯನ್ನೂ ಎತ್ತುವ ಹಾಗಿರಲಿಲ್ಲ. ಮನೆಯಲ್ಲಿ ತನ್ನ ಪಾಲಿಗೆ ಉಳಿದ ಕೆಲಸ ಇದೊಂದು ಎಂದು ಅದನ್ನು ಯಾರಿಗೂ ಬಿಡುತ್ತಿರಲಿಲ್ಲ.

ಆ ಯಂತ್ರ ಅವಳಿಗೂ ಬೇಕಾಗಿತ್ತು. ಅವಳ ಮೈಯಲ್ಲಿ ನೀರು ಹೊರಗೆ ಹೋಗುತ್ತಿರಲಿಲ್ಲ. ಸೋಮವಾರ, ಗುರುವಾರ ಮಂಡ್ಯದಲ್ಲಿ ಡಯಾಲಿಸಿಸ್ ಯಂತ್ರವೇ ತೆಗೆಯಬೇಕು. ನಡುವಿನ ದಿನಗಳಲ್ಲಿ ತೂಕ ಏರಿದರೆ ಅದು ಮಾಂಸವಲ್ಲ, ನೀರು. ಅದಕ್ಕೇ ದಿನಾ ಹತ್ತಿ ನೋಡಿಕೊಂಡು, ಏರಿದ್ದರೆ ಆ ದಿನ ಕುಡಿಯುವ ನೀರನ್ನು ಇನ್ನೂ ಕಡಿಮೆ ಮಾಡಬೇಕು. ಒಂದು ಸಣ್ಣ ಸ್ಟೀಲ್ ಚೊಂಬು, ಇಡೀ ದಿನಕ್ಕೆ ಅಷ್ಟೇ. ಎಳನೀರಂತೂ ಮುಟ್ಟುವ ಹಾಗೇ ಇಲ್ಲ. ಮದ್ದೂರಿಗೆ ಹೋದಾಗ ಲೋಡು ಲೋಡು ಎಳನೀರು ರಾಶಿ ಹಾಕಿರುವುದನ್ನು ಬಸ್ಸಿನ ಕಿಟಕಿಯಲ್ಲಿ ನೋಡಿ, "ಅವ್ವ, ನೋಡೋಕೇನ್ ನೀರ್ ಲೆಕ್ಕ ಇಲ್ವಲ್ಲ" ಅನ್ನುತ್ತಿದ್ದಳು.

ಗೆರೆಯ ವಿಷಯ ದೊಡ್ಡವಳಿಗೆ ಗೊತ್ತು. ಆದರೂ ಅದು ನನಗೆ ಏನಾಗಿತ್ತು ಎಂದು ಅವಳಿಗೂ ಗೊತ್ತಿಲ್ಲ.

ಅವಳು ತನ್ನ ಫೋನಿನಲ್ಲಿ ಒಂದು ಆಪ್ ಹಾಕಿದಳು. ಈಗಿನ ತೂಕ ಎಂಬತ್ತನಾಲ್ಕು, ಮುಟ್ಟಬೇಕಾದ್ದು ಎಪ್ಪತ್ತೆರಡು ಎಂದು ಕೊಟ್ಟಳು. ಪರದೆಯ ಮೇಲೆ ಎಡಗಡೆ ಮೇಲಿನಿಂದ ಬಲಗಡೆ ಕೆಳಗಿನವರೆಗೆ ಒಂದು ತುಂಡು ತುಂಡು ಗೆರೆ ಬಂತು, ಗದ್ದೆಯ ಬದುವಿನಿಂದ ಕಾಲುವೆಗೆ ಇಳಿಯುವ ಕಾಲುದಾರಿಯ ಹಾಗೆ. "ಇದು ನೀನು ಇಳಿಬೇಕಾದ ದಾರಿ ಅಜ್ಜಿ. ದಿನಾ ನಿನ್ನ ತೂಕ ಹಾಕ್ತೀನಿ, ಒಂದು ಚುಕ್ಕಿ ಬರುತ್ತೆ. ಚುಕ್ಕಿ ಈ ಗೆರೆ ಮೇಲೇ ಬರ್ತಾ ಇದ್ರೆ, ನೋಡಿಲ್ಲಿ, ಸಂಕ್ರಾಂತಿ ಹೊತ್ತಿಗೆ ಎಪ್ಪತ್ತೆರಡು" ಅಂದಳು. ಅದು ಗೌರಿ ಹಬ್ಬ ಕಳೆದ ಹೊಸದು.

ನಾನು ಎಂದೂ ನನ್ನ ಮುಂದಿನದನ್ನು ಹಾಗೆ ಕಣ್ಣಾರೆ ಕಂಡವಳಲ್ಲ. ಮದುವೆ, ಹೆರಿಗೆ, ನಿಮ್ಮ ತಾತನ ಸಾವು, ಎಲ್ಲ ಬಂದಾಗ ಬಂದದ್ದು. ಇದೊಂದು ಮಾತ್ರ ಬರುವ ಮೊದಲೇ ಗೆರೆ ಎಳೆದುಕೊಂಡು ಕಾಯುತ್ತಿತ್ತು. ಆ ಗೆರೆಯ ತುದಿಯಲ್ಲಿ ನಿಮ್ಮ ಅಮ್ಮ ಕೂತು ಚೊಂಬು ಎತ್ತಿ ಗಟಗಟ ನೀರು ಕುಡಿಯುವುದು ನನಗೆ ಕಾಣಿಸುತ್ತಿತ್ತು. ಎರಡು ಮುದ್ದೆ ಉಣ್ಣುತ್ತಿದ್ದವಳು ಒಂದಕ್ಕೆ ಬಂದೆ, ಆಮೇಲೆ ಅರ್ಧಕ್ಕೆ. ಅನ್ನ ಬಿಟ್ಟೆ. ಕಾಫಿಗೆ ಬೆಲ್ಲ ಬಿಟ್ಟೆ. ಕಬ್ಬಿನ ಗಾಡಿಗಳು ಬರುವ ಮೊದಲು ಎದ್ದು ಸಕ್ಕರೆ ಫ್ಯಾಕ್ಟರಿ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಹೊಟ್ಟೆ ಚುರುಗುಟ್ಟಿದಾಗ ದೊಡ್ಡವಳನ್ನು ಕರೆದು, "ಆ ಗೆರೆ ಒಂದ್ಸಲ ತೋರ್ಸವ್ವ" ಅನ್ನುತ್ತಿದ್ದೆ.

ನಿಮ್ಮ ಅಪ್ಪ ಕೆಲಸಕ್ಕೆ ಹೊರಟ ಮೇಲೆಯೇ ನಾನು ಯಂತ್ರ ಹತ್ತುತ್ತಿದ್ದದ್ದು. ಸ್ನಾನ ಮಾಡಿ, ಕನ್ನಡಕ ಇಲ್ಲದೆ ಬರುತ್ತಿದ್ದೆ. ನಿಮ್ಮ ಅಮ್ಮ ಬಗ್ಗಿ ಚಕ್ರ ತಿರುಗಿಸಿ, "ಸೊನ್ನೆ ಮಾಡಿವ್ನಿ, ಮ್ಯಾಕ್ ಅತ್ತವ್ವ" ಅನ್ನುತ್ತಿದ್ದಳು. ನಾನು ಹತ್ತಿದ ಮೇಲೆ ದೊಡ್ಡವಳು ಜಡೆ ಹೆಣೆಯುತ್ತಲೇ ಓಡಿಬಂದು ಫೋನಿನ ಬೆಳಕು ಬಿಟ್ಟು ಮುಳ್ಳು ಓದುತ್ತಿದ್ದಳು. ದಿನವೂ ಅದೇ ಕ್ರಮ. ದೀಪಾವಳಿಯ ಹೊತ್ತಿಗೆ ಎಪ್ಪತ್ತೆಂಟಕ್ಕೆ ಬಂದಿದ್ದೆ. ಚುಕ್ಕಿಗಳು ಗೆರೆಯ ಮೇಲೆ ಒಂದರ ಹಿಂದೆ ಒಂದು ಕೂತಿದ್ದವು. ದೊಡ್ಡವಳು ನನ್ನ ಕೆನ್ನೆ ಹಿಂಡಿ, "ಅಜ್ಜಿ ಹಠ ಅಂದ್ರೆ ಹಠ!" ಅಂದಳು.

ಆ ಖುಷಿಯಲ್ಲೇ ಅವಳು ಇನ್ನೊಂದು ಆಪ್ ತಂದಳು. ನನ್ನ ಫೋಟೊ ತೆಗೆದು ಅದಕ್ಕೆ ಕೊಟ್ಟರೆ ತೂಕ ಇಳಿದ ಮೇಲೆ ಹೇಗೆ ಕಾಣುತ್ತೇನೆ ಎಂದು ಅದೇ ಚಿತ್ರ ಮಾಡಿ ತೋರಿಸುತ್ತದಂತೆ. ನಾನೂ ತೋರಿಸು ಎಂದೆ. ಬಾಗಿಲ ಬೆಳಕಿಗೆ ನಿಲ್ಲಿಸಿ ಫೋಟೊ ತೆಗೆದಳು. ಸ್ವಲ್ಪ ಹೊತ್ತಿಗೆ ನನ್ನ ಮುಖವೇ ಕೆನ್ನೆ ಇಳಿದು, ಕತ್ತಿನ ಮೂಳೆ ಎದ್ದು, ಪರದೆಯಲ್ಲಿ ಬಂತು.

"ಅಯ್ಯೋ, ಇದ್ಯಾರ್ ಲೇ? ನಮ್ಮವ್ವ ಇದ್ದಂಗವ್ಳೆ!" ಎಂದು ನಾನು ನಗಾಡಿದೆ.

ಬಟ್ಟೆ ಮಡಿಸುತ್ತಿದ್ದ ನಿಮ್ಮ ಅಮ್ಮ ಎದ್ದು ಬಂದು ನನ್ನ ಹೆಗಲ ಮೇಲಿಂದ ನೋಡಿದಳು. ನಮ್ಮವ್ವ, ಅಂದರೆ ಅವಳ ಅಜ್ಜಿ, ಹೊಟ್ಟೆಯ ಕಾಯಿಲೆಯಲ್ಲಿ ಒಣಗಿ ಒಣಗಿ ನಮ್ಮ ಮನೆಯಲ್ಲೇ ಸತ್ತಳು. ನಾನು ಗದ್ದೆಗೆ ಹೋದಾಗ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದವಳು ನಿಮ್ಮ ಅಮ್ಮ. ಆಗ ಅವಳಿಗೆ ಚಿಕ್ಕವಳಷ್ಟೇ ವಯಸ್ಸು. ಕೊನೆಯ ಗಂಜಿ ಒಳಗೆ ಇಳಿಯದೆ ಕಟಬಾಯಿಯಲ್ಲಿ ಸುರಿದದ್ದನ್ನು ಸೆರಗಿಲ್ಲದ ಆ ವಯಸ್ಸಿನಲ್ಲಿ ಲಂಗದಲ್ಲೇ ಒರೆಸಿದ್ದಳು.

"ಅಳ್ಸು ಅದನ್ನ" ಅಂದಳು.

"ಅಮ್ಮಾ, ಚೆನ್ನಾಗಿದೆಯಲ್ಲ, ಸಣ್ಣಗೆ..." ಅಂತ ದೊಡ್ಡವಳು.

"ಅಳ್ಸು ಅಂದ್ನಲ್ಲ."

ಅಳಿಸಿದೆವು. ನಿಮ್ಮ ಅಮ್ಮ ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸುತ್ತಾ ಕೂತಳು. ಆ ಸಂಜೆ ಒಲೆಯ ಮುಂದೆ ನಾನು ಹಿಟ್ಟು ತೊಳಸುತ್ತಿದ್ದಾಗ ಪಕ್ಕಕ್ಕೆ ಬಂದು ಕೂತಳು.

"ಅವ್ವ, ನಿಂಗೇನಾದ್ರೂ ಆದ್ರೆ?"

"ಏನಾದದು? ಡಾಕ್ಟ್ರು ಯೋಳ್ಲಿಲ್ವ, ಒಂದ್ರಲ್ಲೇ ಬದುಕ್ಬೋದು ಅಂತ."

"ನಂಗ್ ಆಕಿದ್ ಕಿಡ್ನಿ ಮೈಗೆ ಇಡೀದೆ ಓದ್ರೆ? ನಾನೂ ಓಗಿ, ನೀನೂ ಅಂಗೆ ಒಣಗಿ ಮಲಿಕ್ಕಂಡ್ರೆ, ಇವ್ರಿಬ್ರ ಗತಿ? ಅವ್ರಪ್ಪ ಫ್ಯಾಕ್ಟ್ರಿಗೆ ಓದ್ರೆ ಈ ಮನೇಲಿ ಒಲೆ ಅಚ್ಚೋರ್ ಯಾರು? ಒಬ್ರಾದ್ರೂ ಗಟ್ಟಿಯಾಗಿರ್ಬೇಕು ಕಣವ್ವ."

"ಕೆಟ್ಟ ಮಾತಾಡ್ಬ್ಯಾಡ, ಮುದ್ದೆ ಕಟ್ಟು" ಎಂದೆ. ಅವಳು ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದಳು. ಅವತ್ತು ನಾನು ಹಿಟ್ಟಿನ ಕೋಲು ಪಕ್ಕಕ್ಕಿಟ್ಟು ಇನ್ನೊಂದೆರಡು ಮಾತು ಕೇಳಬಹುದಾಗಿತ್ತು. ಹಿಟ್ಟು ಗಂಟಾಗುತ್ತದೆ ಎಂದು ನೋಡಿದೆ.

ಅದಾದ ಮೇಲೆ ಗೆರೆ ನಿಂತಿತು.

ಗೆರೆ ಎಂದರೆ ನನ್ನ ಚುಕ್ಕಿಗಳು. ತುಂಡು ಗೆರೆ ತನ್ನ ಪಾಡಿಗೆ ಕೆಳಗೆ ಇಳಿಯಿತು. ಚುಕ್ಕಿಗಳು ಎಪ್ಪತ್ತೆಂಟರಲ್ಲಿ, ಎಪ್ಪತ್ತೇಳರಲ್ಲಿ ಸಾಲಾಗಿ ಅಡ್ಡಕ್ಕೆ ನಡೆಯತೊಡಗಿದವು. ಸಂಕ್ರಾಂತಿ ಎಂದಿದ್ದ ಆಪು ಶಿವರಾತ್ರಿ ಎಂದಿತು. ನಾನು ಅರ್ಧ ಮುದ್ದೆಯನ್ನೂ ಬಿಟ್ಟು ರಾತ್ರಿಗೆ ಬರೀ ಸೊಪ್ಪಿನ ಉಪ್ಪುಸಾರು ಕುಡಿದು ಮಲಗಿದೆ. ಆಪು ಯುಗಾದಿ ಎಂದಿತು. ಬೆಳಿಗ್ಗೆಯ ಜೊತೆಗೆ ಸಂಜೆಯೂ ನಡೆದೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ದಿನ ತೂಕ ಹಾಕಿದ ಮೇಲೆ ದೊಡ್ಡವಳು ಫೋನನ್ನೇ ನೋಡುತ್ತಾ ನಿಂತಳು. ಈ ವೇಗದಲ್ಲಿ ಗುರಿ ಮುಟ್ಟುವ ದಿನ ಹೇಳಲಾಗದು ಎಂದು ಬಂದಿತ್ತಂತೆ.

"ಅಜ್ಜಿ, ನಿಜ ಹೇಳು, ಹಿತ್ಲಲ್ಲಿ ಏನಾದ್ರೂ ತಿಂತೀಯಾ? ಏನೂ ತಿನ್ದೆ ಇದ್ರೆ ಇಳೀಲೇಬೇಕಲ್ವಾ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಮತ್ತೆ ಹೆಂಗೆ? ಅಮ್ಮ ಸಾಯ್ಬೇಕಾ?"

"ಏಯ್!" ನಿಮ್ಮ ಅಮ್ಮ ಕೂಗಿದಳು. "ಅಜ್ಜಿಗೆ ಅಂಗೆಲ್ಲ ಅನ್ಬ್ಯಾಡ. ಓಗು, ಬಸ್ಸು ಓಯ್ತದೆ." ಕೂಗಿ, ಯಂತ್ರವನ್ನು ತಾನೇ ಎತ್ತಿ ಗೋಡೆಗೆ ಒರಗಿಸಿ ಹಿತ್ತಲಿಗೆ ಹೋದಳು. ತುಂಬ ಹೊತ್ತು ಬರಲಿಲ್ಲ.

ನನ್ನ ಮೈ ಮಾತ್ರ ಬೇರೆ ಏನೋ ಹೇಳುತ್ತಿತ್ತು. ಸೀರೆಗೆ ಇನ್ನೆರಡು ನೆರಿಗೆ ಹೆಚ್ಚಿಗೆ ಬರುತ್ತಿತ್ತು. ರವಿಕೆ ಹೆಗಲಿನಿಂದ ಜಾರುತ್ತಿತ್ತು. ನಿಮ್ಮ ಅಮ್ಮನಿಗೇ ಕೊಟ್ಟೆ. ಅವಳು ಹೊಲಿಗೆ ಮಿಷನ್ನಿನಲ್ಲಿ ಎರಡೂ ಬದಿ ಹಿಡಿದು ಹೊಲಿದುಕೊಟ್ಟಳು.

"ಅಲ್ಲ ಕಣೆ, ತೂಕ ಇಳೀದಿದ್ಮೇಲೆ ರವಿಕೆ ಯಾಕ್ ಸಡ್ಲ ಆಯ್ತದೆ?"

ಅವಳು ದಾರ ಕಚ್ಚಿ ಕತ್ತರಿಸಿದಳು. "ಒಗ್ದು ಒಗ್ದು ಬಟ್ಟೆ ಇಗ್ಗೋಗದೆ ಕಣವ್ವ."

ನಂಬಿದೆ. ನನ್ನ ಮೈಗಿಂತ ಆ ಗೆರೆಯ ಮೇಲೆ ನನಗೆ ನಂಬಿಕೆ ಹೆಚ್ಚಾಗಿಬಿಟ್ಟಿತ್ತು. ದೀಪಾವಳಿಯವರೆಗೆ ಅದು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅಂಗಡಿಗೆ ಹೋದರೆ "ಏನಮ್ಮ, ಇಂಗ್ ಸೊರ್ಗೋಗಿದೀರಿ" ಅಂತ ಒಬ್ಬರಾದರೂ ಕೇಳುತ್ತಿದ್ದರು. ಮಗಳ ಚಿಂತೆಯಲ್ಲಿ ಮುಖ ಬಾಡಿದೆ ಎಂದುಕೊಳ್ಳುತ್ತಿದ್ದೆ. ಊಟದ ಹೊತ್ತಿಗೆ ನಿಮ್ಮ ಅಮ್ಮ ನನ್ನ ತಟ್ಟೆಯ ಮುಂದೆ ಕೂತು, "ಉಣ್ಣವ್ವ. ಆ ಗೆರೆನೇ ಒಲ್ಲೆ ಅಂತದೆ, ಇನ್ನ್ ಯಾಕ್ ಒಟ್ಟೆ ಕಟ್ಟೀಯೆ" ಎಂದು ಗೋಗರೆಯುತ್ತಿದ್ದಳು. ನಾನು ತಟ್ಟೆ ಸರಿಸುತ್ತಿದ್ದೆ. ಗೆರೆ ನಿಂತರೆ ನಾನು ಸೋತು ಉಣ್ಣುತ್ತೇನೆ ಎಂದು ಅವಳು ಎಣಿಸಿದ್ದಳೆಂದು ನನಗೆ ಹೇಗೆ ಗೊತ್ತಾಗಬೇಕು? ಗೆರೆ ನಿಂತಷ್ಟೂ ನಾನು ಬಿಟ್ಟೆ. ನಾನು ಬಿಟ್ಟಷ್ಟೂ ಅವಳ ಮುಖ ಕಪ್ಪಾಯಿತು.

ಇನ್ನೊಂದು ನಾನು ಗಮನಿಸಿದ್ದೆ. ಆ ಚಿತ್ರ ನೋಡಿದ ಮೇಲೆ ಅವಳು ತನ್ನ ತೂಕ ಮನೆಯಲ್ಲಿ ನೋಡುವುದನ್ನೇ ಬಿಟ್ಟಿದ್ದಳು. ಕೇಳಿದರೆ, "ಎಂಗೂ ಮಂಡ್ಯದಲ್ಲಿ ನೋಡ್ತರಲ್ಲ, ಬುಡು" ಅನ್ನುತ್ತಿದ್ದಳು. ನೀರನ್ನು ಅಂದಾಜಿನ ಮೇಲೆ ಕುಡಿಯುತ್ತಿದ್ದಳು.

ಮಂಡ್ಯದ ಡಯಾಲಿಸಿಸ್ ವಾರ್ಡಿನಲ್ಲೂ ಒಂದು ಯಂತ್ರ ಇತ್ತು. ಒಳಗೆ ಹೋಗುವಾಗ, ಬರುವಾಗ ನಿಮ್ಮ ಅಮ್ಮನನ್ನು ಅದರ ಮೇಲೆ ನಿಲ್ಲಿಸುತ್ತಿದ್ದರು. ಶಿವರಾತ್ರಿಗೆ ಮುಂಚೆ ಒಂದು ಗುರುವಾರ ಅಲ್ಲಿಯ ಸಿಸ್ಟರು, "ನೀವೇ ಕಿಡ್ನಿ ಕೊಡೋರಲ್ವಾ? ಬನ್ನಿ ಅಮ್ಮ, ನೀವೂ ಹತ್ತಿ, ನೋಡೇಬಿಡಾಣ" ಎಂದು ಕೈ ಹಿಡಿದರು. ಸುತ್ತ ಗಂಡಸರು ಮಲಗಿದ್ದರು, ಅವರ ಜೊತೆಯವರು ನಿಂತಿದ್ದರು. ಅಷ್ಟು ಜನರ ಮುಂದೆ ನನ್ನ ತೂಕವನ್ನು ಆ ಹುಡುಗಿ ಕೂಗಿ ಹೇಳುವುದು ಎಂದುಕೊಂಡೇ ನನ್ನ ಕಿವಿ ಬಿಸಿಯಾಯಿತು. "ಬ್ಯಾಡ ಕಣಮ್ಮ, ಮನೇಲಿ ನೋಡೀವ್ನಿ" ಎಂದು ಕೈ ಬಿಡಿಸಿಕೊಂಡೆ. ಹಾಸಿಗೆಯ ಮೇಲೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ನಿಮ್ಮ ಅಮ್ಮ ತಲೆ ಎತ್ತಿ ನಮ್ಮನ್ನೇ ನೋಡುತ್ತಿದ್ದಳು. ನಾನು ಹಿಂದೆ ಸರಿದ ಮೇಲೆ ತಲೆಯನ್ನು ದಿಂಬಿಗೆ ಇಟ್ಟಳು. ಆ ನೋಟ ಆಗ ನನಗೆ ಅರ್ಥವಾಗಲಿಲ್ಲ.

ಶಿವರಾತ್ರಿ ಕಳೆದ ಒಂದು ಭಾನುವಾರ, ಹಾಲು ಕಾಯಿಸುವ ಹೊತ್ತು. ಅವಳು ಎಂದಿನಂತೆ ಯಂತ್ರ ಇಟ್ಟು, "ಸೊನ್ನೆ ಮಾಡಿವ್ನಿ" ಅಂದಳು. ದನಿ ಅರ್ಧಕ್ಕೇ ನಿಂತಂತಿತ್ತು. ನಾನು ಹತ್ತಿದೆ. ದೊಡ್ಡವಳು ಓದಿ, "ಎಪ್ಪತ್ತಾರು" ಎಂದು ಬೇಜಾರಾಗಿ ಹೋದಳು. ನಿಮ್ಮ ಅಮ್ಮ ಯಂತ್ರವನ್ನು ಗೋಡೆಗೆ ಒರಗಿಸಿ ಅಲ್ಲೇ ಕೂತಳು. ಉಸಿರು ಸಿಗುತ್ತಿಲ್ಲ ಎಂದು ಕೈಯಲ್ಲಿ ತೋರಿಸಿದಳು. ನಿಮ್ಮ ಅಪ್ಪನಿಗೆ ಅವತ್ತು ರಜ, ಹೊರಗೆ ಹೋಗಿದ್ದವರು ಬಂದು ಪಕ್ಕದ ಬೀದಿಯವರ ಕಾರು ತಂದರು. ನನ್ನ ತೊಡೆಯ ಮೇಲೆ ಅವಳ ತಲೆ ಇತ್ತು. ಬಾಯಿ ತೆರೆದು ತೆರೆದು ಎಳೆಯುತ್ತಿದ್ದಳು, ಒಳಗೆ ನೀರಿನ ಸದ್ದು ಕೇಳುತ್ತಿತ್ತು. ನನ್ನ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಏನೋ ಹೇಳಲು ನೋಡಿದಳು, ಆಗಲಿಲ್ಲ. ಮಂಡ್ಯ ಇನ್ನೂ ದೂರ ಇರುವಾಗಲೇ ಹಿಡಿತ ಸಡಿಲವಾಯಿತು. ನಿಮ್ಮ ಅಪ್ಪ ಮುಂದಿನ ಸೀಟಿನಿಂದ ತಿರುಗಿ ನೋಡಿದರು. ಅವತ್ತು ಮೊದಲ ಸಲ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೇರವಾಗಿ ನೋಡಿದೆವು.

ಮೈಯಲ್ಲಿ ನೀರು ತುಂಬಿಕೊಂಡು ಹೃದಯ ನಿಂತಿತು ಎಂದರು.

ತಿಥಿಗೆ ಹಿಂದಿನ ದಿನ ಮನೆ ತೊಳೆದೆವು. ಓಣಿಯಲ್ಲಿದ್ದ ಸಾಮಾನು ಎಲ್ಲ ಹೊರಗೆ ಹೋಗಿ ಒಳಗೆ ಬಂತು. ಯಂತ್ರವನ್ನು ಯಾರೋ ನೆಲದ ಮೇಲೇ ಬಿಟ್ಟಿದ್ದರು. ನಿಮ್ಮ ಅಪ್ಪ ಅಕ್ಕಿ ಮೂಟೆ ತಂದವರು ನೆಲ ಒದ್ದೆಯಿದೆ ಎಂದು ಅದರ ಮೇಲೇ ಇಳಿಸಿ ಹೋಗಿದ್ದರು. ಬಾಯಿ ಹೊಲಿದ ಹೊಸ ಮೂಟೆ. ಚಿಕ್ಕವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಓದುತ್ತಿದ್ದಳು.

"ಅಜ್ಜಿ, ಮೂಟೆ ಮೇಲೆ ಇಪ್ಪತ್ತೈದು ಅಂತ ಬರ್ದದೆ. ಇಲ್ಲಿ ಮೂವತ್ತು ತೋರುಸ್ತದೆ."

"ಸರ್ಯಾಗ್ ನೋಡವ್ವ."

"ಸರ್ಯಾಗೇ ನೋಡ್ದೆ. ಅಮ್ಮ ಇಲ್ವಲ್ಲ, ಸೊನ್ನೆ ಮಾಡೋರ್ ಯಾರು" ಎಂದು ಅವಳು ಎದ್ದು ಹೋದಳು.

ನಾನು ಕನ್ನಡಕ ಹಾಕಿಕೊಂಡು ಬಂದು ಮೂಟೆಯನ್ನು ಮೊಣಕಾಲಿನಿಂದ ಪಕ್ಕಕ್ಕೆ ಉರುಳಿಸಿದೆ. ಮುಳ್ಳು ಹಿಂದಕ್ಕೆ ಓಡಿತು. ಸೊನ್ನೆಗೆ ಬರಲಿಲ್ಲ, ಐದರಲ್ಲಿ ನಿಂತಿತು. ಮೇಲೆ ಏನೂ ಇಲ್ಲದೆ ಐದು ಕಿಲೋ. ಆ ಭಾನುವಾರದಿಂದ ಈಚೆಗೆ ಯಂತ್ರವನ್ನು ಯಾರೂ ಹತ್ತಿರಲಿಲ್ಲ, ಚಕ್ರ ಮುಟ್ಟುವವಳು ಇರಲಿಲ್ಲ.

ಶಾಲೆಯಲ್ಲಿ ನನಗೆ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಎಪ್ಪತ್ತಾರರಲ್ಲಿ ಐದು ಹೋದರೆ ಎಪ್ಪತ್ತೊಂದು. ನಾನು ಎಪ್ಪತ್ತೆರಡನ್ನು ದಾಟಿದ್ದೆ. ಎಂದು ದಾಟಿದೆನೋ ಗೊತ್ತಿಲ್ಲ. ದಿನಾ ನಾನು ಒಂದಿಷ್ಟು ಇಳಿದಾಗ ಅವಳು ಚಕ್ರವನ್ನು ಒಂದಿಷ್ಟು ಮುಂದಕ್ಕೆ ತಿರುಗಿಸಿದ್ದಳು. ರವಿಕೆ ಹಿಡಿದು ಹೊಲಿದ ಕೈಯೇ ಅದನ್ನೂ ಮಾಡಿತ್ತು. ಸಿಸ್ಟರು ನನ್ನ ಕೈ ಹಿಡಿದಾಗ ಅವಳು ತಲೆ ಎತ್ತಿ ನೋಡಿದ್ದು ಅದಕ್ಕೆ. ತಾನು ಹತ್ತುವುದನ್ನು ಬಿಟ್ಟದ್ದೂ ಅದಕ್ಕೇ. ಸೊನ್ನೆ ಸರಿಯಿಲ್ಲದ ಯಂತ್ರದ ಮೇಲೆ ತನ್ನ ನೀರಿನ ತೂಕ ನೋಡಿದರೆ ದೊಡ್ಡವಳು ಆಸ್ಪತ್ರೆಯ ತೂಕದ ಜೊತೆ ಹೋಲಿಸಿ ಕಂಡುಹಿಡಿದುಬಿಡುತ್ತಿದ್ದಳು. ಮನೆಯಲ್ಲಿ ತೂಕ ನೋಡಿಕೊಂಡಿದ್ದರೆ ನೀರು ಅಷ್ಟು ತುಂಬುತ್ತಿರಲಿಲ್ಲವೋ ಏನೋ. ನನಗೆ ಗೊತ್ತಿಲ್ಲ. ಯಾರನ್ನೂ ಕೇಳಲಿಲ್ಲ.

ಮರುದಿನ ಎಡೆ ಇಟ್ಟೆವು. ಅವಳಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿದರು. ದೊಡ್ಡ ಚೊಂಬಿನಲ್ಲಿ ಕಂಠಮಟ್ಟ ನೀರು ತುಂಬಿ ಇಟ್ಟರು. ನಿಮ್ಮ ಅಪ್ಪ ಮದ್ದೂರಿನಿಂದ ಎಳನೀರು ತಂದು ಕೆತ್ತಿ ಬಾಯಿ ತೆರೆದು ಅದರ ಪಕ್ಕ ಇಟ್ಟರು. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದು ನಿಂತೆವು. ಆಗಲೇ ನಿಮ್ಮ ಅಪ್ಪನ ಕಡೆಯ ಹೆಂಗಸೊಬ್ಬರು, ನನಗೆ ಕೇಳಲಿ ಎಂದೇ, ಪಕ್ಕದವರಿಗೆ ಹೇಳಿದರು:

"ಮಗ್ಳು ಸಾಯ್ತಾವ್ಳೆ ಅಂದ್ರೂ ಮುದ್ಕಿಗೆ ಬಾಯ್ ಕಟ್ಟಕ್ಕಾಗ್ನಿಲ್ಲ ನೋಡು. ತಿಂಗ್ಳಾನ್ಗಟ್ಲೆ ಅಳಿಯನ್ ಮನೇಲಿ ಕೂತು ಮುದ್ದೆ ಇಳ್ಸುದ್ಳು."

"ಸುಮ್ಕಿರಕ್ಕ, ಕೇಳುಸ್ತದೆ."

"ಕೇಳುಸ್ಲಿ ಬುಡು."

ದೊಡ್ಡವಳು ಕಂಬಕ್ಕೆ ಒರಗಿ ನಿಂತಿದ್ದಳು. ಆ ಮಾತು ಕೇಳಿ ನನ್ನ ಕಡೆ ನೋಡಿದಳು. ನಾನು ಅಲ್ಲ ಎನ್ನುತ್ತೇನೆಂದು ಕಾದಳು. ನಾನು ಬಾಯಿ ತೆರೆದಿದ್ದರೆ ಏನು ಹೇಳಬೇಕಿತ್ತು? ಒಳಗೆ ಎಡೆ ಇಟ್ಟಿದೆ, ನಿಮ್ಮ ಅಮ್ಮ ಬಂದು ನೀರು ಕುಡಿಯುವ ಹೊತ್ತು. ಆ ಹೊತ್ತಿನಲ್ಲಿ ಅಷ್ಟು ಜನರ ಮುಂದೆ, ಮಾಡಿದವಳು ಅವಳೇ ಎಂದು ಹೇಳಲೇ? ನಾನು ನೆಲ ನೋಡಿದೆ. ಅವತ್ತು ಸಂಜೆ ದೊಡ್ಡವಳು ಫೋನಿನಿಂದ ಆ ಗೆರೆಯನ್ನು ಅಳಿಸಿದಳು. ಅಂದಿನಿಂದ ನಾನು ಬಡಿಸಿದರೆ ಅವಳು ತಟ್ಟೆ ತೆಗೆದುಕೊಂಡು ಬೇರೆ ಕೋಣೆಗೆ ಹೋಗುತ್ತಾಳೆ. ಅದಕ್ಕೆ ನಾನು ಬೇಸರ ಮಾಡಿಕೊಂಡಿಲ್ಲ. ಉಂಡರೆ ಸಾಕು.

ಇಷ್ಟು ದಿನ ಹೇಳದೆ ಇದ್ದೆ. ನನ್ನನ್ನು ಹೊಟ್ಟೆಬಾಕಿ ಅಂದುಕೊಂಡರೆ ಅಂದುಕೊಳ್ಳಲಿ, ಅಮ್ಮನ ಮೇಲೆ ಕೋಪ ಬಾರದಿರಲಿ ಎಂದಿದ್ದೆ. ಆದರೆ ದೊಡ್ಡವಳು ಕೇಳಿಯೇ ಬಿಟ್ಟಳು. ಕೇಳಿದ ಮೇಲೆ ಸುಳ್ಳು ಹೇಳಲಾರೆ.

ದೊಡ್ಡವಳೇ, ನಾನು ಕದ್ದು ತಿನ್ನಲಿಲ್ಲ. ನೀನು ಎಳೆದುಕೊಟ್ಟ ಗೆರೆಯ ಮೇಲೇ ಕೊನೆಯವರೆಗೆ ಇಳಿದೆ. ಆ ಗೆರೆ ಇಲ್ಲದಿದ್ದರೆ ಮೊದಲ ತಿಂಗಳಲ್ಲೇ ಕೈಬಿಡುತ್ತಿದ್ದೆ. ಆ ಚಿತ್ರ ಮಾಡಿದ್ದಕ್ಕೆ ನೀನು ಕೊರಗಬೇಡ, ನೋಡಬೇಕೆಂದವಳು ನಾನು. ನಿಮ್ಮ ಅಮ್ಮನ ಮೇಲೂ ಕೋಪ ಮಾಡಬೇಡಿ. ಅವಳು ನಿಮ್ಮಿಬ್ಬರಿಗೆ ಒಲೆ ಹಚ್ಚುವವರೊಬ್ಬರು ಉಳಿಯಲಿ ಎಂದು ನೋಡಿದಳು. ನಾನು ಅವಳು ಉಳಿಯಲಿ ಎಂದು ನೋಡಿದೆ. ಅವಳು ನೋಡಿದ್ದು ನಡೆಯಿತು. ನನ್ನದು ನಡೆಯಲಿಲ್ಲ. ಕೆಲವು ದಿನ ಒಲೆಯ ಮುಂದೆ ಕೂತಾಗ ನನಗೂ ಅವಳ ಮೇಲೆ ತಡೆಯಲಾರದಷ್ಟು ಸಿಟ್ಟು ಬರುತ್ತದೆ. ಅದನ್ನೂ ಬರೆದಿದ್ದೇನೆ, ಮುಚ್ಚಿಡುವುದಿಲ್ಲ.

ಮೊನ್ನೆ ಸ್ನಾನ ಮಾಡಿ ಕನ್ನಡಿಯಲ್ಲಿ ನೋಡಿಕೊಂಡೆ. ಆ ಚಿತ್ರದಲ್ಲಿದ್ದ ಮುಖವೇ ಬಂದಿದೆ. ಆಪು ಸರಿಯಾಗಿಯೇ ಮಾಡಿತ್ತು.

ಯಂತ್ರವನ್ನು ನನ್ನ ಮಂಚದ ಕೆಳಗೆ ಹಳೆಯ ಸೀರೆ ಸುತ್ತಿ ಇಟ್ಟಿದ್ದೇನೆ. ನನ್ನ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ತೆಗೆದು ನೆಲದ ಮೇಲಿಟ್ಟು ನೋಡಿ. ಚಕ್ರವನ್ನು ನಾನು ಸರಿಮಾಡಿಲ್ಲ. ನಿಮ್ಮ ಅಮ್ಮ ಕೊನೆಯ ದಿನ ತಿರುಗಿಸಿ ಬಿಟ್ಟ ಕಡೆಯೇ ನಿಂತಿದೆ. ನೀವೂ ತಿರುಗಿಸಬೇಡಿ. ಹತ್ತಿದರೆ ಐದು ಕಳೆದು ಓದಿಕೊಳ್ಳಿ.